ಸ್ಕ್ಯೂ-ನಾರ್ಮಲ್ ಪ್ರೊಸೆಸ್ ಸಿಮ್ಯುಲೇಟ್ ಮಾಡಿದ್ರೆ ಓರೆನೇ ಕಾಣ್ತಿಲ್ಲ, ಎಲ್ಲಿ ತಪ್ತಾ ಇದೀನಿ? (ಹಳ್ಳದ ನೀರಿನ ಮಟ್ಟದ ಡೇಟಾ)

ಸಂಕದಕೆಳಗೆ

ಎಲ್ರಿಗೂ ನಮಸ್ಕಾರ. ನಮ್ಮನೆ ತೀರ್ಥಹಳ್ಳಿ ಹತ್ರ. ತೋಟದ ಕೆಳಗೆ ಒಂದು ಹಳ್ಳ ಹರಿಯುತ್ತೆ, ಮುಂದೆ ಹೋಗಿ ತುಂಗೆ ಸೇರುತ್ತೆ. ಅದರ ಕಾಲುಸಂಕದ ಅಡಿಗೆ ಒಂದು ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್ ಕಟ್ಟಿ ಐದೈದು ನಿಮಿಷಕ್ಕೆ ನೀರಿನ ಮಟ್ಟ ರೆಕಾರ್ಡ್ ಮಾಡ್ತಾ ಇದೀನಿ, ಎಂಟೆಕ್ ಪ್ರಾಜೆಕ್ಟಿಗೆ. ಜೂನ್‌ನಿಂದ ನವೆಂಬರ್ ತನಕ ಡೇಟಾ ಇದೆ. ನಮ್ಮ ಅಪ್ಪ ದಿನಾ ಬೆಳಿಗ್ಗೆ ಸಂಜೆ ಕಂಬಕ್ಕೆ ಬಣ್ಣದಲ್ಲಿ ಬರೆದ ಸ್ಕೇಲ್ ನೋಡಿ ಪುಸ್ತಕದಲ್ಲಿ ಬರೆದಿಟ್ಟಿದಾರೆ, ಹೋಲಿಸಿ ನೋಡೋಕೆ ಅದೂ ಇದೆ.

ಸಮಸ್ಯೆ ಏನಂದ್ರೆ ಸೆನ್ಸರಿನ ತಪ್ಪು ಎರಡೂ ಕಡೆ ಸಮ ಇಲ್ಲ. ತರಗೆಲೆ, ನೊರೆ, ಕೊಂಬೆ ಏನಾದ್ರೂ ಸೆನ್ಸರ್ ಅಡಿಗೆ ಬಂತು ಅಂದ್ರೆ ಶಬ್ದ ಅದಕ್ಕೇ ಬಡಿದು ಬೇಗ ವಾಪಸ್ ಬರುತ್ತೆ, ಹಂಗಾಗಿ ನೀರು ಇರೋದಕ್ಕಿಂತ ಮೇಲಿದೆ ಅಂತ ತೋರಿಸುತ್ತೆ. ಕೆಳಗಿದೆ ಅಂತ ತೋರಿಸೋದು ತೀರಾ ಅಪರೂಪ. ಗಾಸಿಯನ್ ನಾಯ್ಸ್ (ಎರಡೂ ಕಡೆ ಸಮ ಇರೋ ಗಂಟೆ ಆಕಾರದ, ಅಂದ್ರೆ ನಾರ್ಮಲ್ ತಪ್ಪು) ಅಂತ ಹಿಡಿದು ಕಾಲ್ಮನ್ ಫಿಲ್ಟರ್ (ತಪ್ಪು ಬೆರೆತ ರೀಡಿಂಗಿಂದ ನಿಜವಾದ ಬೆಲೆ ಅಂದಾಜು ಮಾಡೋ ಲೆಕ್ಕ) ಹಾಕಿದ್ರೆ ಅಂದಾಜು ಯಾವಾಗ್ಲೂ ಒಂದೆರಡು ಸೆಂಟಿಮೀಟರ್ ಮೇಲೇ ಕೂತಿರುತ್ತೆ, ಅಪ್ಪನ ಪುಸ್ತಕದ ಲೆಕ್ಕಕ್ಕೆ ಹೊಂದಲ್ಲ.

ಅದಕ್ಕೆ ಗಾಸಿಯನ್ ಪ್ರೊಸೆಸ್ ಬದಲು ಸ್ಕ್ಯೂ-ನಾರ್ಮಲ್ ಪ್ರೊಸೆಸ್ (ಒಂದು ಕಡೆಗೆ ವಾಲಿದ ನಾರ್ಮಲ್; ಎಷ್ಟು ವಾಲಿದೆ ಅನ್ನೋ ಅಳತೆನೇ ಓರೆ, ಸರಿಸಮ ಇದ್ರೆ ಅದು ಸೊನ್ನೆ) ಇಟ್ಕೊಳ್ಳೋಣ ಅಂತ ಹೊರಟೆ. ಪಠ್ಯಪುಸ್ತಕದಲ್ಲಿ ಇರೋ ಹಂಗೆ ಹಿಂಗೆ ಬರೆದೆ:

ಎಕ್ಸ್(ಟಿ) = ಡೆಲ್ಟಾ × |ಯು| + √(1 − ಡೆಲ್ಟಾ²) × ಝಡ್(ಟಿ)

ಯು ಅನ್ನೋದು ಒಂದು ಸ್ಟಾಂಡರ್ಡ್ ನಾರ್ಮಲ್, ಝಡ್(ಟಿ) ಅನ್ನೋದು 0.9 ಕೋರಿಲೇಶನ್ ಇರೋ ಎಆರ್(1) ಗಾಸಿಯನ್ ಪ್ರೊಸೆಸ್ (ಪ್ರತಿ ಬೆಲೆ ಅಂದ್ರೆ ಹಿಂದಿನದರ 0.9 ಪಾಲು, ಜೊತೆಗೆ ಸ್ವಲ್ಪ ಹೊಸ ನಾಯ್ಸ್). ಡೆಲ್ಟಾ 0.9 ಕೊಟ್ಟೆ. ಲೆಕ್ಕದ ಪ್ರಕಾರ ಯಾವ ಟಿ ತಗೊಂಡ್ರೂ ಎಕ್ಸ್(ಟಿ) ಸ್ಕ್ಯೂ-ನಾರ್ಮಲ್ ಆಗಿ, ಓರೆ ಸುಮಾರು 0.47 ಬರಬೇಕು. ಐದು ಸಾವಿರ ಬಿಂದು ಜನರೇಟ್ ಮಾಡಿ ಹಿಸ್ಟೋಗ್ರಾಮ್ ಹಾಕಿದ್ರೆ ಓರೆ 0.02. ಮತ್ತೆ ಓಡಿಸಿದೆ, ಮೈನಸ್ 0.04. ಪ್ರತಿ ಸಲ ಗಂಟೆ ಆಕಾರದ ಸರಿಸಮ ಹಿಸ್ಟೋಗ್ರಾಮೇ ಬರ್ತಿದೆ, ಸರಾಸರಿ ಮಾತ್ರ ಒಂದ್ಸಲ 0.31, ಇನ್ನೊಂದ್ಸಲ 1.42 ಹಿಂಗೆ ಎಲ್ಲೆಲ್ಲೋ ಹೋಗ್ತಿದೆ. ಕೋಡ್ ನಾಲ್ಕು ಸಲ ನೋಡಿದೆ, ತಪ್ಪು ಸಿಗಲಿಲ್ಲ. ಎರಡು ದಿನದಿಂದ ಇದರಲ್ಲೇ ಕೂತಿದೀನಿ, ಗೊತ್ತಿದ್ದೋರು ದಯವಿಟ್ಟು ಹೇಳಿ.

ಮಳೆಲೆಕ್ಕ

ನೇರವಾಗಿ ಲಾಗ್ ತಗೊಂಡು ಆಮೇಲೆ ಗಾಸಿಯನ್ ಹಾಕಿದ್ರೆ ಆಗಲ್ವಾ? ಮಳೆ ಡೇಟಾಗೆ ನಾವು ಹಂಗೇ ಮಾಡೋದು. ಘನಮೂಲ ತಗೊಳ್ಳೋರೂ ಇದಾರೆ.

ಸಂಕದಕೆಳಗೆ

ಸರ್, ನೀರಿನ ಮಟ್ಟಕ್ಕಾದ್ರೆ ಲಾಗ್ ನಡೆಯುತ್ತೆ, ಆದ್ರೆ ನನಗೆ ಬೇಕಿರೋದು ಸೆನ್ಸರಿನ ತಪ್ಪಿಗೆ. ಅದು ಸೊನ್ನೆ ಆಸುಪಾಸು ಇರುತ್ತೆ, ಸ್ವಲ್ಪ ಮೈನಸ್ಸೂ ಬರುತ್ತೆ, ಲಾಗ್ ಹೆಂಗೆ ತಗೊಳ್ಳೋದು. ಅದೂ ಅಲ್ದೆ ತಪ್ಪು ಮಟ್ಟಕ್ಕೆ ಕೂಡಿಕೊಂಡು ಬರ್ತಿದೆ, ಲಾಗ್ ಹಾಕಿದ ಮೇಲೆ ಆ ಎರಡನ್ನ ಬಿಡಿಸೋದು ಕಷ್ಟ.

ಕೊಪ್ಪದವಳು

ನಿಮ್ಮ ಕೋಡಲ್ಲಿ ಏನೂ ತಪ್ಪಿಲ್ಲ, ನೀವು ಬರೆದ ಮಾಡೆಲ್ಲೇ ಹಂಗಿರೋದು. ಇದನ್ನ ಸ್ವಲ್ಪ ಉದ್ದ ಹೇಳ್ತೀನಿ ಯಾಕಂದ್ರೆ ನಾನೂ ಪಿಎಚ್‌ಡಿ ಮೊದಲನೇ ವರ್ಷ ಇಲ್ಲೇ ಸಿಕ್ಕಿಹಾಕಿಕೊಂಡಿದ್ದೆ, ಆಗ ಬಿಡಿಸಿ ಹೇಳೋರು ಯಾರೂ ಸಿಗಲಿಲ್ಲ.

ಸ್ಕ್ಯೂ-ನಾರ್ಮಲ್ಲನ್ನ ಈಗಿನ ರೂಪದಲ್ಲಿ ಕೊಟ್ಟಿದ್ದು ಇಟಲಿಯ ಅಜ್ಜಾಲಿನಿ, 1985ರಲ್ಲಿ. ಒಂದೇ ಒಂದು ವೇರಿಯಬಲ್ ಇದ್ದಾಗ ನೀವು ಬರೆದಿರೋದು ನೂರಕ್ಕೆ ನೂರು ಸರಿ: ಒಂದು ನಾರ್ಮಲ್ಲನ್ನ ಮಡಚಿ ಧನ ಭಾಗ ಮಾತ್ರ ಇಟ್ಕೊಂಡು ಅದಕ್ಕೆ ಇನ್ನೊಂದು ನಾರ್ಮಲ್ ಕೂಡಿಸೋದು. 1996ರಲ್ಲಿ ಅಜ್ಜಾಲಿನಿ ಮತ್ತು ಡಲ್ಲಾ ವಲ್ಲೆ ಇದನ್ನ ಬಹುಆಯಾಮಕ್ಕೆ ತಗೊಂಡು ಹೋದ್ರು, ಅಲ್ಲಿ ಎಲ್ಲಾ ಘಟಕಕ್ಕೂ ಒಂದೇ |ಯು| ಹಂಚಿಕೆ ಆಗುತ್ತೆ. ಸಾವಿರ ಜನರ ಎತ್ತರ-ತೂಕದ ತರ ಡೇಟಾ ಇದ್ರೆ ಅದರಿಂದ ತೊಂದರೆನೇ ಇಲ್ಲ, ಯಾಕಂದ್ರೆ ಸಾವಿರ ಜನಕ್ಕೆ ಸಾವಿರ ಬೇರೆ ಬೇರೆ ಯು ಸಿಗುತ್ತೆ. ನಿಮ್ಮ ಹತ್ರ ಇರೋದು ಒಂದೇ ಹಳ್ಳ, ಒಂದೇ ಸರಣಿ. ಅಂದ್ರೆ ಒಂದೇ ಯು. ಆ ಯು ಒಂದ್ಸಲ ಬಿದ್ದ ಮೇಲೆ ಇಡೀ ಸರಣಿಗೆ ಅದೊಂದು ಸ್ಥಿರ ಸಂಖ್ಯೆ ಅಷ್ಟೆ. ಗಾಸಿಯನ್ ಪ್ರೊಸೆಸ್ಸಿಗೆ ಸ್ಥಿರ ಸಂಖ್ಯೆ ಕೂಡಿಸಿದ್ರೆ ಗಾಸಿಯನ್ನೇ ತಾನೆ. ಅದಕ್ಕೇ ನಿಮಗೆ ಸರಾಸರಿ ಮಾತ್ರ ಸಲಕ್ಕೊಂದು ಕಡೆ ಹೋಗ್ತಿರೋದು, ಆಕಾರ ಬದಲಾಗ್ತಾ ಇಲ್ಲ.

ಮಳೆಗಾಲದ ಶುರುವಲ್ಲಿ ಯಾರೋ ಒಂದೇ ಒಂದ್ಸಲ ಪಗಡೆ ಹಾಕಿ ಈ ವರ್ಷ ಪೂರ್ತಿ ಮಟ್ಟ ಇಷ್ಟು ಮೇಲೆ ಅಂತ ತೀರ್ಮಾನ ಮಾಡಿಟ್ಟ ಹಂಗೆ ಇದು. ಆ ವರ್ಷದೊಳಗೆ ನೀವು ಎಷ್ಟು ಲಕ್ಷ ರೀಡಿಂಗ್ ತಗೊಂಡ್ರೂ ಪಗಡೆ ಯಾವ ಕಡೆ ವಾಲಿತ್ತು ಅನ್ನೋದು ಗೊತ್ತಾಗಲ್ಲ. ಪಠ್ಯದ ಮಾತಲ್ಲಿ ಹೇಳೋದಾದ್ರೆ ಪ್ರೊಸೆಸ್ ಸ್ಟೇಷನರಿ ಹೌದು (ಯಾವ ಹೊತ್ತಲ್ಲಿ ನೋಡಿದ್ರೂ ಡಿಸ್ಟ್ರಿಬ್ಯೂಶನ್ ಒಂದೇ), ಎರ್ಗಾಡಿಕ್ ಅಲ್ಲ (ಒಂದೇ ಸರಣಿ ಎಷ್ಟು ಉದ್ದ ನೋಡಿದ್ರೂ ಆ ಡಿಸ್ಟ್ರಿಬ್ಯೂಶನ್ ಸಿಗಲ್ಲ). ನೂರು ಸಲ ಹೊಸದಾಗಿ ಓಡಿಸಿ ಪ್ರತಿ ಓಟದ ಹತ್ತನೇ ಬಿಂದು ಮಾತ್ರ ಎತ್ತಿಟ್ಟು ಹಿಸ್ಟೋಗ್ರಾಮ್ ಹಾಕಿ ನೋಡಿ, ಓರೆ ಅಲ್ಲಿ ಕಾಣುತ್ತೆ. ನೂರು ಸಾಕಾಗದೇ ಇದ್ರೆ ಸಾವಿರ ಹಾಕಿ.

ಇದು ಹೊಸ ವಿಷಯ ಏನಲ್ಲ. ಜಾಗದಿಂದ ಜಾಗಕ್ಕೆ ಬದಲಾಗೋ (ಸ್ಪೇಶಿಯಲ್) ಡೇಟಾಗೆ ಇಂಥ ಮಾಡೆಲ್ ತುಂಬಾ ಜನ ಹಾಕಿದ್ರು, 2012ರಲ್ಲಿ ಮಿನೊಝೊ ಮತ್ತು ಫೆರಾಕುಟಿ, ಅದೇ ವರ್ಷ ಜೆಂಟನ್ ಮತ್ತು ಜಾಂಗ್, ಇವರು ಈ ತೊಡಕನ್ನ ಬಿಡಿಸಿ ತೋರಿಸಿದ್ರು.

ದಾರಿ ಏನಂದ್ರೆ ಯು ಅನ್ನೋದನ್ನೂ ಒಂದು ಪ್ರೊಸೆಸ್ ಮಾಡಿಬಿಡಿ:

ಎಕ್ಸ್(ಟಿ) = ಡೆಲ್ಟಾ × |ಯು(ಟಿ)| + √(1 − ಡೆಲ್ಟಾ²) × ಝಡ್(ಟಿ)

ಯು(ಟಿ), ಝಡ್(ಟಿ) ಎರಡೂ ಒಂದಕ್ಕೊಂದು ಸಂಬಂಧ ಇಲ್ಲದ ಗಾಸಿಯನ್ ಪ್ರೊಸೆಸ್‌ಗಳು. 2010ರಲ್ಲಿ ಜಾಂಗ್ ಮತ್ತು ಎಲ್-ಶಾರಾವಿ ಕೊಟ್ಟಿದ್ದು ಇದೇ ದಾರಿ. ಪ್ರತಿ ಟಿ ಹತ್ರನೂ ಅದೇ ಸ್ಕ್ಯೂ-ನಾರ್ಮಲ್ ಬರುತ್ತೆ, ಮತ್ತೆ ಯು(ಟಿ) ಹೊತ್ತು ಕಳೆದ ಹಂಗೆ ಹಳೇದನ್ನ ಮರೀತಾ ಹೋಗೋದ್ರಿಂದ ಒಂದೇ ಸರಣಿಯಲ್ಲೂ ಓರೆ ಕಾಣುತ್ತೆ. ನಿಮ್ಮ ಹಳ್ಳಕ್ಕೂ ಇದು ಚೆನ್ನಾಗಿ ಕೂರುತ್ತೆ ಅನ್ಸುತ್ತೆ. ಕೊಂಬೆ ಬಂದು ಸಂಕದ ಕಂಬಕ್ಕೆ ಸಿಕ್ಕಿಕೊಂಡ್ರೆ ಅರ್ಧ ಗಂಟೆ ಅಲ್ಲೇ ಇರುತ್ತೆ, ಅಷ್ಟೂ ಹೊತ್ತು ತಪ್ಪು ಮೇಲ್ಗಡೆಗೇ, ಆಮೇಲೆ ತೇಲಿಕೊಂಡು ಹೋಗುತ್ತೆ. |ಯು(ಟಿ)| ಅಂದ್ರೆ ನಿಮಗೆ ಅದೇ.

ಒಂದು ವಿಷಯ ಮಾತ್ರ ಗಮನದಲ್ಲಿಡಿ. ಮಡಚಿದ ಮೇಲೆ ಕೋರಿಲೇಶನ್ ಮೊದಲಿನಷ್ಟು ಉಳಿಯಲ್ಲ. ಯು ಕೋರಿಲೇಶನ್ ರೋ ಆದ್ರೆ |ಯು| ಕೋವೇರಿಯೆನ್ಸ್ (2/ಪೈ) × (√(1 − ರೋ²) + ರೋ × ಆರ್ಕ್‌ಸೈನ್ ರೋ − 1). ರೋ 0.5 ಹಾಕಿ ಲೆಕ್ಕ ಮಾಡಿ, 0.081 ಬರುತ್ತೆ, ಅದನ್ನ |ಯು| ವೇರಿಯೆನ್ಸ್ 0.363ರಿಂದ ಭಾಗಿಸಿದ್ರೆ ಕೋರಿಲೇಶನ್ ಬರೀ 0.22. ಡೇಟಾದಲ್ಲಿ ಕಂಡ ಕೋರಿಲೇಶನ್ನೇ ಯು(ಟಿ) ಕೋರಿಲೇಶನ್ ಅಂತ ಇಟ್ಕೊಂಡ್ರೆ ಮತ್ತೆ ಲೆಕ್ಕ ತಪ್ಪುತ್ತೆ.

ಸಂಕದಕೆಳಗೆ

ಮೇಡಂ ತುಂಬಾ ತುಂಬಾ ಥ್ಯಾಂಕ್ಸ್. ಪಗಡೆ ಮಾತು ಓದಿದ ತಕ್ಷಣ ಅರ್ಥ ಆಯ್ತು. ಯು(ಟಿ) ಹಾಕಿ ಓಡಿಸಿದೆ, ಐದು ಸಾವಿರ ಬಿಂದುಗೆ ಓರೆ 0.44 ಬಂತು. ಇನ್ನೆರಡು ಡೌಟು. ಡೆಲ್ಟಾ ಎಷ್ಟು ಅಂತ ಡೇಟಾದಿಂದ ಹೆಂಗೆ ಹಿಡಿಯೋದು? ಮ್ಯಾಕ್ಸಿಮಮ್ ಲೈಕ್ಲಿಹುಡ್ (ಡೇಟಾಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದೋ ಬೆಲೆ ಹುಡುಕೋದು) ಹಾಕಿದ್ರೆ ಒಂದೊಂದ್ಸಲ ಆಲ್ಫಾ, ಅಂದ್ರೆ ಡೆಲ್ಟಾ / √(1 − ಡೆಲ್ಟಾ²), ಅನಂತಕ್ಕೆ ಓಡಿಹೋಗ್ತಿದೆ. ಎರಡನೇದು, ಇದಕ್ಕೆ ಕಾಲ್ಮನ್ ಫಿಲ್ಟರ್ ಬರೆಯೋಕಾಗುತ್ತಾ?

ಕೊಪ್ಪದವಳು

ಆಲ್ಫಾ ಅನಂತಕ್ಕೆ ಓಡೋದು ಈ ಡಿಸ್ಟ್ರಿಬ್ಯೂಶನ್ನಿನ ಗೊತ್ತಿರೋ ತೊಂದರೆ, ಸ್ಯಾಂಪಲ್ ಕಮ್ಮಿ ಇದ್ದಾಗ ಜಾಸ್ತಿ. ಇನ್ನೊಂದು ತುದಿಯಲ್ಲೂ ತೊಂದರೆ ಇದೆ, ಆಲ್ಫಾ ಸೊನ್ನೆ ಇರೋ ಕಡೆ ಫಿಷರ್ ಇನ್ಫರ್ಮೇಶನ್ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗುತ್ತೆ (ಅಂದ್ರೆ ಪ್ಯಾರಾಮೀಟರುಗಳನ್ನ ಡೇಟಾದಿಂದ ಬಿಡಿಸಿ ಹಿಡಿಯೋದು ಕಷ್ಟ), ಅದಕ್ಕೆ ಅಜ್ಜಾಲಿನಿಯವರೇ ಸರಾಸರಿ, ಸ್ಟಾಂಡರ್ಡ್ ಡೀವಿಯೇಶನ್, ಓರೆ ಈ ಮೂರನ್ನೇ ಪ್ಯಾರಾಮೀಟರ್ ಮಾಡ್ಕೊಂಡು ಲೆಕ್ಕ ಮಾಡೋ ದಾರಿ ಕೊಟ್ಟಿದಾರೆ. ನೀವು ಮೊದಲು ಸುಮ್ನೆ ಮೊಮೆಂಟ್ ಹೊಂದಿಸಿ ನೋಡಿ, ಅಂದ್ರೆ ಡೇಟಾದಲ್ಲಿ ಬಂದ ಓರೆಗೆ ಸರಿಹೋಗೋ ಡೆಲ್ಟಾ ಹಿಡೀರಿ. ಡೆಲ್ಟಾಗೂ ಓರೆಗೂ ಸಂಬಂಧ ನೇರ ಗೆರೆ ಅಲ್ಲ ಅನ್ನೋದು ಮಾತ್ರ ನೆನಪಿರಲಿ: ಡೆಲ್ಟಾ 0.5 ಇದ್ರೆ ಓರೆ 0.035, ಅಂದ್ರೆ ಕಣ್ಣಿಗೇ ಕಾಣಲ್ಲ. 0.9ಕ್ಕೆ 0.47, 0.95ಕ್ಕೆ 0.67, ಡೆಲ್ಟಾ 1 ಆದಾಗ 0.995. ಅದರಾಚೆ ಇಲ್ಲ. ನಿಮ್ಮ ಡೇಟಾದ ಓರೆ 1ಕ್ಕಿಂತ ಜಾಸ್ತಿ ಬಂದ್ರೆ ಸ್ಕ್ಯೂ-ನಾರ್ಮಲ್ ಕೈ ಬಿಟ್ಟು ಬೇರೆ ನೋಡಬೇಕು.

ಕಾಲ್ಮನ್ ವಿಷಯಕ್ಕೆ ಬಂದ್ರೆ, ಗಾಸಿಯನ್ನಿನ ದೊಡ್ಡ ಅನುಕೂಲ ಕೂಡಿಸಿದ್ರೂ ಗಾಸಿಯನ್, ಕಂಡೀಶನ್ ಹಾಕಿದ್ರೂ ಗಾಸಿಯನ್. ಸಾದಾ ಸ್ಕ್ಯೂ-ನಾರ್ಮಲ್ಲಿಗೆ ಆ ಗುಣ ಇಲ್ಲ. ಒಂದು ಸ್ಕ್ಯೂ-ನಾರ್ಮಲ್ಲಿಗೆ ಬೇರೆ ನಾರ್ಮಲ್ ಕೂಡಿಸಿದ್ರೆ ಸ್ಕ್ಯೂ-ನಾರ್ಮಲ್ಲೇ ಸಿಗುತ್ತೆ, ಆದ್ರೆ ಸಂಬಂಧ ಇಲ್ಲದ ಎರಡು ಸ್ಕ್ಯೂ-ನಾರ್ಮಲ್ ಕೂಡಿಸಿದ್ರೆ ಸಿಗಲ್ಲ. ಇದಕ್ಕೆ ಅಂತಲೇ ಕ್ಲೋಸ್ಡ್ ಸ್ಕ್ಯೂ-ನಾರ್ಮಲ್ ಅನ್ನೋ ದೊಡ್ಡ ಕುಟುಂಬ ಮಾಡಿದಾರೆ, 2005ರಲ್ಲಿ ನಾವೋ, ಜೆಂಟನ್, ಶೆನ್ ಅದನ್ನ ಇಟ್ಕೊಂಡು ಓರೆ ಕಾಲ್ಮನ್ ಫಿಲ್ಟರ್ರನ್ನೇ ಬರೆದ್ರು. ಆದ್ರೆ ನಿಮ್ಮ ಮಾಡೆಲ್ಲಲ್ಲಿ ಪ್ರತಿ ಹೆಜ್ಜೆಗೂ ಒಂದು ಹೊಸ ಮಡಿಕೆ ಸೇರ್ತಾ ಹೋಗುತ್ತೆ, ಸಾವಿರ ಬಿಂದು ಆದಾಗ ಸಾವಿರ ಆಯಾಮದ ನಾರ್ಮಲ್ ಇಂಟೆಗ್ರಲ್ ಎದುರಿಗೆ ಕೂತಿರುತ್ತೆ. ನನ್ನ ಕೇಳಿದ್ರೆ ಯು(ಟಿ), ಝಡ್(ಟಿ), ನಿಜವಾದ ಮಟ್ಟ ಈ ಮೂರನ್ನೂ ಸ್ಟೇಟ್ (ಹೊತ್ತು ಹೊತ್ತಿಗೆ ಅಂದಾಜು ಮಾಡೋ ಬೆಲೆ) ಮಾಡಿ ಪಾರ್ಟಿಕಲ್ ಫಿಲ್ಟರ್ ಹಾಕಿ, ಅಂದ್ರೆ ಸಾವಿರ ಊಹೆ ಇಟ್ಕೊಂಡು ಪ್ರತಿ ರೀಡಿಂಗಿಗೆ ಹೊಂದೋದನ್ನ ಉಳಿಸ್ಕೊಳ್ತಾ ಹೋಗೋದು. ಐದು ನಿಮಿಷಕ್ಕೊಂದು ರೀಡಿಂಗಿಗೆ ಸಾವಿರ ಪಾರ್ಟಿಕಲ್ ಅಂದ್ರೆ ಚಿಕ್ಕ ಬೋರ್ಡೂ ಆರಾಮಾಗಿ ಎಳೆಯುತ್ತೆ.

ಹೊಳೆದಂಡೆ

ತಮ್ಮಾ, ನಾನು ನೀರಿನ ಅಳತೆ ಕೆಲಸದಲ್ಲೇ ಮೂವತ್ತು ವರ್ಷ ಕಳೆದು ರಿಟೈರ್ ಆದವನು, ಈಗ ಹೊಸನಗರ ಕಡೆ ತೋಟ ನೋಡ್ಕೊಂಡಿದೀನಿ. ಮೇಡಂ ಹೇಳಿದ್ದು ಸೆನ್ಸರ್ ತಪ್ಪಿಗೆ ಸರಿಯಾಗಿದೆ. ಆದ್ರೆ ನೀವು ಅದೇ ಮಾಡೆಲ್ಲನ್ನ ನೀರಿನ ಮಟ್ಟಕ್ಕೂ ಹಾಕೋಕೆ ಹೊರಟರೆ ನಡೆಯಲ್ಲ ಮಾರಾಯ್ರೆ, ಅದನ್ನ ಈಗಲೇ ಹೇಳಿಬಿಡ್ತೀನಿ.

ಆರಿದ್ರಾ ಮಳೆ ಹಿಡಿದಾಗ ಸಂಕದ ಮೇಲೆ ನಿಂತು ನೋಡಿದ್ರೆ ನಿಮಗೇ ಗೊತ್ತಿರುತ್ತೆ. ಮೇಲೆ ಗುಡ್ಡದಲ್ಲಿ ಜಡಿ ಬಿದ್ದ ಅರ್ಧ ಗಂಟೆಗೆ ಕೆಂಪು ನೀರು ಒಂದೇ ಸಮ ಏರುತ್ತೆ, ಮಂಡಿ ಮಟ್ಟ ಇದ್ದಿದ್ದು ಎದೆ ಮಟ್ಟ ಆಗುತ್ತೆ, ಆಮೇಲೆ ಇಳಿಯೋಕೆ ಮಾತ್ರ ದಿನಗಟ್ಟಲೆ ತಗೊಳ್ಳುತ್ತೆ, ಯಾಕಂದ್ರೆ ಕಾಡಿನ ಮಣ್ಣು, ಗದ್ದೆ, ತೋಟದ ಬಸಿಗಾಲುವೆ ಎಲ್ಲಾ ಹಿಡಿದಿಟ್ಟ ನೀರನ್ನ ನಿಧಾನಕ್ಕೆ ಬಿಡ್ತಾ ಹೋಗುತ್ತೆ. ಬೇಗ ಏರೋದು, ನಿಧಾನ ಇಳಿಯೋದು. ನಿಮ್ಮ ಗ್ರಾಫನ್ನ ಕನ್ನಡಿಯಲ್ಲಿ ಹಿಡಿದು ಬಲದಿಂದ ಎಡಕ್ಕೆ ಓದಿದ್ರೆ ಯಾವ ಹುಡುಗನೂ ಇದು ನಮ್ಮ ಹಳ್ಳ ಅಲ್ಲ ಅಂತಾನೆ.

ಗಾಸಿಯನ್ ಸ್ಟೇಷನರಿ ಪ್ರೊಸೆಸ್ಸಿಗೆ ಹಿಂದೆ ಮುಂದೆ ಅನ್ನೋದೇ ಇಲ್ಲ, ಎರಡು ಕಡೆಯಿಂದ ಓದಿದ್ರೂ ಒಂದೇ. ಅದನ್ನ ಮಡಚಿದ್ರೂ, ಇಂಥವು ಎರಡನ್ನ ಕೂಡಿಸಿದ್ರೂ ಆ ಗುಣ ಹಂಗೇ ಉಳಿಯುತ್ತೆ. ಅಂದ್ರೆ ಮೇಡಂ ಬರೆದ ಸ್ಕ್ಯೂ ಪ್ರೊಸೆಸ್ಸಿಗೂ ಕಾಲದ ದಿಕ್ಕು ಗೊತ್ತಿಲ್ಲ. ಓರೆ ಎರಡು ತರ ಇದೆ ಅಂತ ತಿಳ್ಕೊಳ್ಳಿ, ಹಿಸ್ಟೋಗ್ರಾಮಿನ ಓರೆ ಒಂದು, ಕಾಲದ ಓರೆ ಇನ್ನೊಂದು. ಪರೀಕ್ಷೆ ಸುಲಭ: ಪಕ್ಕಪಕ್ಕದ ಎರಡು ರೀಡಿಂಗಿನ ವ್ಯತ್ಯಾಸ ತಗೊಂಡು ಅದರ ಓರೆ ನೋಡಿ. ಹಿಂದೆ ಮುಂದೆ ಒಂದೇ ಇರೋ ಪ್ರೊಸೆಸ್ ಆದ್ರೆ ಸೊನ್ನೆ ಹತ್ರ ಇರಬೇಕು.

ಮಟ್ಟಕ್ಕೆ ಓರೆ ಇನ್ನೋವೇಶನ್ (ಪ್ರತಿ ಹೆಜ್ಜೆಗೆ ಸೇರೋ ಹೊಸ ನಾಯ್ಸ್) ಇರೋ ಎಆರ್(1) ಹಾಕ್ತೀನಿ ಅಂತ ಅನ್ಸಬಹುದು, ಅದಕ್ಕೆ ಕಾಲದ ದಿಕ್ಕು ಇದೆ ನಿಜ. ಆದ್ರೆ ಇನ್ನೋವೇಶನ್ನಿನ ಓರೆ ಪೂರ್ತಿ ಹೊರಗೆ ಬರಲ್ಲ, ಹಿಂದಿನ ಬೆಲೆಯಲ್ಲಿ ಉಳಿಯೋ ಪಾಲು ಫೈ ಆದ್ರೆ (1 − ಫೈ²)ರ ಒಂದೂವರೆ ಘಾತವನ್ನ (1 − ಫೈ³)ರಿಂದ ಭಾಗಿಸಿದಷ್ಟು ಮಾತ್ರ ಬರುತ್ತೆ. ಫೈ 0.9 ಇದ್ರೆ 0.31 ಪಾಲು, ಐದು ನಿಮಿಷದ ಡೇಟಾದಲ್ಲಿ ಫೈ 0.99 ಹತ್ರ ಇರುತ್ತೆ, ಆಗ 0.09 ಪಾಲು. ಸ್ಕ್ಯೂ-ನಾರ್ಮಲ್ಲಿನ ಗರಿಷ್ಠ ಓರೆನೇ 0.995, ಹಂಗಾಗಿ ಮಟ್ಟದಲ್ಲಿ 0.09ಕ್ಕಿಂತ ಮೇಲೆ ಹೋಗೋಕೇ ಆಗಲ್ಲ. ಮಟ್ಟಕ್ಕೆ ಶಾಟ್ ನಾಯ್ಸ್ ಮಾಡೆಲ್ ಇಡಿ, ಆಗೀಗ ಬೀಳೋ ಮಳೆ ಹೊಡೆತ, ಪ್ರತಿ ಹೊಡೆತ ಆದ ಮೇಲೆ ನಿಧಾನ ಇಳಿಕೆ.

ಇನ್ನೊಂದು. ನೆರೆ ಬಂದು ತುಂಗೆಯಲ್ಲಿರೋ ತೀರ್ಥಹಳ್ಳಿ ರಾಮಮಂಟಪ ಮುಳುಗುತ್ತಾ, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಮಂಟಪ ಮುಳುಗುತ್ತಾ ಅಂತ ಜನ ಕಾಯೋ ತರದ ಪ್ರಶ್ನೆಗೆ ಸ್ಕ್ಯೂ-ನಾರ್ಮಲ್ ನಂಬಿ ಕೂರಬೇಡಿ. ಅದರ ಬಲಗಡೆ ಬಾಲ ಮೂಲ ನಾರ್ಮಲ್ಲಿನ ಎರಡು ಪಟ್ಟು ಮೀರಲ್ಲ, ನಾರ್ಮಲ್ಲಿನ ಬಾಲನೋ ಬಹಳ ಬೇಗ ಸವೆದುಹೋಗುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಬೀಳೋ ಈ ಸೀಮೆಯಲ್ಲಿ ನೆರೆಯ ಲೆಕ್ಕ ಅಷ್ಟು ತೆಳು ಬಾಲದ ಮೇಲೆ ಇಟ್ರೆ ಜನಕ್ಕೆ ತೊಂದರೆ ಆಗುತ್ತೆ, ಅದಕ್ಕೆ ಎಕ್ಸ್‌ಟ್ರೀಮ್ ವ್ಯಾಲ್ಯೂ (ಅಪರೂಪಕ್ಕೆ ಬರೋ ಅತಿ ದೊಡ್ಡ ಬೆಲೆಗಳ) ಲೆಕ್ಕನೇ ಬೇಕು.

ಮತ್ತೆ ಸೆನ್ಸರಿನ ಸುತ್ತ ತೂತು ಕೊರೆದ ಪಿವಿಸಿ ಪೈಪು ನಿಲ್ಲಿಸಿ, ಎಲೆ ಕೊಂಬೆ ಒಳಗೆ ಬರಲ್ಲ, ಅಲೆನೂ ತಣ್ಣಗಾಗುತ್ತೆ. ಸಣ್ಣ ಪೈಪು ಬೇಡ, ಗೋಡೆಗೇ ಶಬ್ದ ಬಡಿದು ವಾಪಸ್ ಬರುತ್ತೆ, ಅಗಲದ್ದೇ ಹಾಕಿ. ಸೆನ್ಸರ್ ಮುಖದಿಂದ ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರ್ ಒಳಗೆ ನೀರು ಬಂದ್ರೆ ಅದು ಓದಲ್ಲ, ನೆರೆ ಬಂದಾಗಿನ ಮಟ್ಟ ನೋಡ್ಕೊಂಡು ಎತ್ತರದಲ್ಲೇ ಕಟ್ಟಿ.

ಮಳೆಲೆಕ್ಕ

ಕಾಲದ ದಿಕ್ಕಿನ ವಿಷಯ ನನಗೆ ಹೊಳೆದೇ ಇರಲಿಲ್ಲ ಸರ್. ನಾವು ಲಾಗ್ ತಗೊಂಡಾಗಲೂ ಅದು ಸರಿಹೋಗಲ್ಲ ಅಂತ ಈಗ ಗೊತ್ತಾಯ್ತು, ಬಿಂದು ಬಿಂದುಗೆ ಲಾಗ್ ಹಾಕಿದ್ರೆ ಹಿಸ್ಟೋಗ್ರಾಮ್ ನೆಟ್ಟಗಾಗುತ್ತೆ, ಆದ್ರೆ ಬೇಗ ಏರೋದು ಬೇಗ ಏರೋದೇ. ನಮ್ಮ ಹಳೇ ರಿಪೋರ್ಟ್ ಒಂದನ್ನ ತೆಗೆದು ಮತ್ತೆ ನೋಡಬೇಕು.

ಸಂಕದಕೆಳಗೆ

ನಿನ್ನೆ ರಾತ್ರಿ ಕೂತು ಎಲ್ಲಾ ಲೆಕ್ಕ ಮಾಡಿದೆ. ನವೆಂಬರ್ ಡೇಟಾ ಮೊದಲು, ಆಗ ಮಳೆ ನಿಂತು ಹಳ್ಳ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿತ್ತು, ಹಂಗಾಗಿ ಇಡೀ ದಿನದ ಮೀಡಿಯನ್ ಕಳೆದ್ರೆ ಉಳಿಯೋದು ಸೆನ್ಸರ್ ತಪ್ಪೇ. ಅದರ ಓರೆ 0.67, ಮೇಡಂ ಕೊಟ್ಟ ಲೆಕ್ಕದಲ್ಲಿ ಡೆಲ್ಟಾ 0.95. ವ್ಯತ್ಯಾಸದ ಓರೆ 0.05 ಅಷ್ಟೆ. ಜುಲೈ ಡೇಟಾದಲ್ಲಿ ಮಟ್ಟದ ಓರೆ 1.6, ವ್ಯತ್ಯಾಸದ ಓರೆ 3.1! ಅಣ್ಣ ಹೇಳಿದ್ದು ಅಕ್ಷರಕ್ಷರ ಸರಿ, ತಪ್ಪಿಗೊಂದು ಮಾಡೆಲ್ ಮಟ್ಟಕ್ಕೊಂದು ಮಾಡೆಲ್ ಬೇಕು, ನಾನು ಎರಡನ್ನೂ ಒಂದೇ ಚೀಲಕ್ಕೆ ತುಂಬ್ತಾ ಇದ್ದೆ.

ಪಾರ್ಟಿಕಲ್ ಫಿಲ್ಟರ್ ಹಾಕಿ ನವೆಂಬರಿನ ಹತ್ತು ದಿನ ಓಡಿಸಿದೆ. ಅಪ್ಪನ ಪುಸ್ತಕದ ಇಪ್ಪತ್ತು ರೀಡಿಂಗಲ್ಲಿ ಹದಿನೇಳಕ್ಕೆ ಅರ್ಧ ಸೆಂಟಿಮೀಟರ್ ಒಳಗೆ ಹೊಂದಿಕೊಂಡಿದೆ, ಮೊದಲು ಮೇಲೆ ಕೂತಿರ್ತಿತ್ತಲ್ಲ ಆ ಒಂದೆರಡು ಸೆಂಟಿಮೀಟರ್ ಹೋಯ್ತು. ಅಪ್ಪನಿಗೆ ತೋರಿಸಿದೆ, ಪುಸ್ತಕ ಪಕ್ಕದಲ್ಲಿಟ್ಕೊಂಡು ಒಂದೊಂದೇ ಸಾಲು ಹೋಲಿಸಿ ನೋಡಿದ್ರು. ಹೊಂದದೇ ಇರೋ ಮೂರೂ ಸಂಜೆ ರೀಡಿಂಗು, ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿದ್ದು ಅಂತ ಅವರೇ ಹೇಳಿದ್ರು.

ಜುಲೈದು ಇನ್ನೂ ಮಾಡಿಲ್ಲ. ಶಾಟ್ ನಾಯ್ಸಲ್ಲಿ ಮಳೆ ಹೊಡೆತ ಯಾವಾಗ ಬಿತ್ತು ಅನ್ನೋದನ್ನ ಮಟ್ಟದಿಂದಲೇ ಹಿಡಿಯೋದಾ, ಇಲ್ಲ ಮಳೆಮಾಪಕ ಬೇರೆ ಇಡಬೇಕಾ?

ಹೊಳೆದಂಡೆ

ಮಾಪಕ ಇಡಿ, ಮನೆ ಅಂಗಳದಲ್ಲಿ ಬೇಡ, ಹಳ್ಳ ಹುಟ್ಟೋ ಗುಡ್ಡದ ಕಡೆ ಯಾರದ್ದಾದ್ರೂ ಬಯಲಿರೋ ಜಾಗದಲ್ಲಿ ಇಡಿ, ಮರದ ಅಡಿಗೆ ಇಟ್ರೆ ಮಳೆ ನಿಂತ ಮೇಲೂ ಎಲೆಯಿಂದ ಹನಿ ಬೀಳ್ತಾನೇ ಇರುತ್ತೆ. ನಮ್ಮ ಸೀಮೆಯಲ್ಲಿ ಒಂದು ಗುಡ್ಡ ದಾಟಿದ್ರೆ ಮಳೆನೇ ಬೇರೆ. ಮಳೆ ಬಿದ್ದಿದ್ದಕ್ಕೂ ಹಳ್ಳ ಏರಿದ್ದಕ್ಕೂ ಎಷ್ಟು ನಿಮಿಷ ಅಂತರ ಅನ್ನೋದು ಜೂನ್ ಮೊದಲ ವಾರದಲ್ಲೊಂದು, ಜುಲೈ ಕೊನೆಯಲ್ಲೊಂದು ಬರುತ್ತೆ, ಮಣ್ಣು ನೀರು ಕುಡಿದು ತುಂಬಿದ ಮೇಲೆ ಅಂತರ ಕಮ್ಮಿ ಆಗುತ್ತೆ. ಎರಡೂ ಬೇರೆ ಬೇರೆ ಬರೆದಿಡಿ.

ಕೊಪ್ಪದವಳು

ಜುಲೈ ಫಿಲ್ಟರ್ ಬರೆಯುವಾಗ ಸೆನ್ಸರ್ ತಪ್ಪಿನ ಡೆಲ್ಟಾ ನವೆಂಬರಿಂದನೇ ಹಾಕಿಬಿಡಬೇಡಿ. ನೆರೆ ನೀರಲ್ಲಿ ಬರೋ ಕಸ ಜಾಸ್ತಿ, ಹರಿವೂ ಜೋರು, ಕೊಂಬೆ ನಿಲ್ಲೋ ಹೊತ್ತೇ ಬೇರೆ ಇರುತ್ತೆ, ಅಂದ್ರೆ ಯು(ಟಿ) ಕೋರಿಲೇಶನ್ನೂ ಬೇರೆ. ನಿಮ್ಮಪ್ಪ ಜುಲೈಯಲ್ಲಿ ಬರೆದಿಟ್ಟಿರೋ ಅರವತ್ತೆರಡು ರೀಡಿಂಗು ಅದಕ್ಕೆ ತುಂಬಾ ಬೆಲೆಬಾಳೋದು, ಆ ಪುಸ್ತಕದ ಪುಟ ಮೊದಲು ಫೋಟೋ ತೆಗೆದಿಟ್ಕೊಳ್ಳಿ, ಈ ಥಂಡಿಗೆ ಇಂಕು ಹರಡಿಬಿಡುತ್ತೆ.